ಕೊಡಗಿನ ಕೋವಿಯನ್ನು ಟೆಕ್ಸಸ್ಸಿಗೆ ಸಾಕ್ಷಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆ, ಮಾಲ್‌ಗಳಲ್ಲಿ ನಡೆಯುವ ಗುಂಡಿನ ದಾಳಿಗಳ ಬಗ್ಗೆ ನಿಮ್ಮ ವಾಚಕರ ಅಂಕಣದಲ್ಲಿ ಚರ್ಚೆ ನಡೆಯುತ್ತಿದೆ. ಓದುಗರೊಬ್ಬರು ಕೊಡಗಿನ ಉದಾಹರಣೆ ಕೊಟ್ಟಿದ್ದಾರೆ. ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ, ಲೈಸೆನ್ಸೂ ಬೇಕಿಲ್ಲ, ಆದರೂ ಅಲ್ಲಿ ಯಾರೂ ಶಾಲೆಗೆ ನುಗ್ಗಿ ಮಕ್ಕಳನ್ನು ಕೊಂದಿಲ್ಲ, ಹಾಗಾಗಿ ತಪ್ಪು ಕೋವಿಯದ್ದಲ್ಲ, ಅಮೆರಿಕದವರ ಮನಸ್ಸಿನದ್ದು ಎಂಬುದು ಅವರ ವಾದ. ಅಮೆರಿಕದ ಕೋವಿ ಲಾಬಿಯವರು ಹೇಳುವುದೂ ಇದನ್ನೇ.

ನಾನು ಕೊಡಗಿನವನು. ಸೇನೆಯ ಪದಾತಿ ದಳದಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು. ಮನೆಯಲ್ಲಿ ಅಪ್ಪನ ಕಾಲದ ಜೋಡುನಳಿಗೆ ಕೋವಿ ಇದೆ. ಮಗಳು ಟೆಕ್ಸಸ್ ರಾಜ್ಯದ ಡಾಲಸ್‌ನಿಂದ ಉತ್ತರಕ್ಕಿರುವ ಒಂದು ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಮೊಮ್ಮಗ ಅಲ್ಲಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ಎರಡೂ ಕಡೆಯ ಕೋವಿಗಳನ್ನು ಕಣ್ಣಾರೆ ಕಂಡವನಾಗಿ ಹೇಳುತ್ತಿದ್ದೇನೆ: ನಮ್ಮ ಉದಾಹರಣೆ ಆ ವಾದಕ್ಕೆ ಒದಗುವುದಿಲ್ಲ.

ಮೊದಲು ನಮ್ಮ ಕಡೆಯದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದದ್ದು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಿದ್ದ ಅರ್ಜಿ 2021ರಲ್ಲಿ ವಜಾ ಆಯಿತು. ಆ ತೀರ್ಪಿನಲ್ಲೇ ನ್ಯಾಯಾಲಯ ಹೇಳಿದ್ದು, ಈ ವಿನಾಯಿತಿ ಷರತ್ತುಗಳಿಗೆ ಒಳಪಟ್ಟದ್ದು, ಇಷ್ಟು ವರ್ಷ ಎಂದು ಅವಧಿ ಇರುವಂಥದ್ದು ಎಂದು. ವಿನಾಯಿತಿ ಪತ್ರಕ್ಕೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಕೋವಿ ಯಾರದ್ದು, ಎಂಥದ್ದು ಎಂಬುದು ಸರಕಾರದ ದಾಖಲೆಯಲ್ಲಿರುತ್ತದೆ.

ಇನ್ನು ನಮ್ಮ ಕೋವಿ ಎಂಥದ್ದು ಎನ್ನುವುದು. ಜೋಡುನಳಿಗೆಗೆ ಎರಡು ತೋಟೆ. ಎರಡೂ ಹಾರಿದ ಮೇಲೆ ನಳಿಗೆ ಬಗ್ಗಿಸಿ, ಖಾಲಿ ತೋಟೆ ತೆಗೆದು, ಹೊಸತು ತುಂಬಿಸಿ, ಮತ್ತೆ ಮುಚ್ಚಬೇಕು. ಗದ್ದೆಗೆ ಬರುವ ಹಂದಿಯನ್ನು ಬೆದರಿಸಲು ಅದು ಸಾಕು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುತ್ತೇವೆ, ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ನಮ್ಮ ಮನೆಯಲ್ಲಿ ಹಿರಿಯರು ಕೊಡದೆ ಕಿರಿಯರು ಕೋವಿ ಮುಟ್ಟುವಂತಿರಲಿಲ್ಲ. ಇಷ್ಟೆಲ್ಲ ಇದ್ದೂ ಕೊಡಗಿನಲ್ಲಿ ಕೋವಿಯಿಂದ ಅನಾಹುತಗಳೇ ಆಗಿಲ್ಲವೆಂದು ನಾನು ಹೇಳಲಾರೆ. ಬೇಟೆಯಲ್ಲಿ ಜೊತೆಗಾರನಿಗೇ ಗುಂಡು ತಗಲಿದ್ದು, ಕುಡಿದ ಅಮಲಿನಲ್ಲಿ, ಜಾಗದ ತಕರಾರಿನಲ್ಲಿ ಕೋವಿ ಎತ್ತಿದ್ದು, ಸಾಲ ತಾಳಲಾರದೆ ಮನೆಯ ಕೋವಿಯನ್ನೇ ಎದೆಗಿಟ್ಟುಕೊಂಡದ್ದು, ಎಲ್ಲವನ್ನೂ ನಿಮ್ಮ ಪತ್ರಿಕೆಯೇ ವರದಿ ಮಾಡಿದೆ. ಎರಡು ತೋಟೆಯ ಕೋವಿಯಿಂದಲೇ ಇಷ್ಟು ನೋವು.

ಈಗ ಯುವಾಲ್ಡಿಗೆ ಬರೋಣ. ಟೆಕ್ಸಸ್‌ನ ದಕ್ಷಿಣ ಭಾಗದ ಸಣ್ಣ ಊರು. 2022ರ ಮೇ 24ರಂದು ಅಲ್ಲಿನ ರಾಬ್ ಎಲಿಮೆಂಟರಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೊಂದವನಿಗೆ 18 ವರ್ಷ. ಟೆಕ್ಸಸ್ ಶಾಸನಸಭೆಯ ಸಮಿತಿಯ ತನಿಖಾ ವರದಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಎಲ್ಲರೂ ಓದಬೇಕು. ಅವನಿಗಿನ್ನೂ 17 ಇದ್ದಾಗ ತನಗಾಗಿ ಬಂದೂಕು ಕೊಂಡುಕೊಡಿ ಎಂದು ಕನಿಷ್ಠ ಇಬ್ಬರನ್ನು ಕೇಳಿದ್ದ. ಅವರು ಒಪ್ಪಿರಲಿಲ್ಲ. ಅಂದರೆ ಹದಿನೆಂಟರ ಗೆರೆ ಅವನನ್ನು ಅಲ್ಲಿಯವರೆಗೆ ತಡೆದು ನಿಲ್ಲಿಸಿತ್ತು. ಮೇ 16ಕ್ಕೆ 18 ತುಂಬಿತು. ಅದೇ ವಾರದೊಳಗೆ ಎಆರ್ ಮಾದರಿಯ ಎರಡು ರೈಫಲ್‌ಗಳನ್ನೂ ನೂರಾರು ಗುಂಡುಗಳನ್ನೂ ಕಾನೂನುಬದ್ಧವಾಗಿ ಕೊಂಡ. ಎಂಟನೆಯ ದಿನ ಶಾಲೆಗೆ ಹೋದ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ಆಗಿರಬೇಕು, ರೈಫಲ್‌ಗೆ 18 ಸಾಕು. ಉದ್ದನೆಯ ಕೋವಿ ಎಂದರೆ ಬೇಟೆಯ ಕೋವಿ ಎಂದಿದ್ದ ಕಾಲದ ಲೆಕ್ಕ ಅದು. ಅದೇ ಲೆಕ್ಕದಲ್ಲಿ ಎಆರ್-15 ಕೂಡ ಹದಿನೆಂಟರ ಹುಡುಗನ ಕೈಗೆ ಸಿಗುತ್ತದೆ.

ಎಆರ್-15 ಎಂದರೇನೆಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಸೇನೆಗೆ ಸೇರಿದ ಕಾಲದಲ್ಲಿ ನಮಗೆ ಕೊಡುತ್ತಿದ್ದದ್ದು 7.62 ಎಸ್‌ಎಲ್‌ಆರ್, ಮ್ಯಾಗಜೀನ್‌ಗೆ 20 ಗುಂಡು. ಕುದುರೆ (ಟ್ರಿಗರ್) ಒತ್ತಿದಂತೆಲ್ಲ ಒಂದೊಂದು ಗುಂಡು ಹಾರುತ್ತದೆ, ಮುಂದಿನದ್ದು ತಾನೇ ನಳಿಗೆಗೆ ಬಂದು ಕೂರುತ್ತದೆ. ಇಂಥ ರೈಫಲ್ ಹೊತ್ತೇ ನಮ್ಮ ಸೇನೆ ಯುದ್ಧ ಮಾಡಿದ್ದು. ಎಆರ್-15 ಕೂಡ ಇದೇ ಬಗೆಯದು. ಅದಕ್ಕೆ ಸಾಮಾನ್ಯವಾಗಿ ಹಾಕುವ ಮ್ಯಾಗಜೀನ್ 30 ಗುಂಡಿನದು, ತೂಕ ನಮ್ಮ ರೈಫಲಿಗಿಂತ ಕಡಿಮೆ, ಹಿಂದೊದೆತವೂ ಕಡಿಮೆ. ಗುಂಡು ಸಣ್ಣದು, ವೇಗ ಭಾರಿ. ದೇಹದೊಳಗೆ ಹೋದ ಮೇಲೆ ಅದು ಏನು ಮಾಡುತ್ತದೆ ಎಂದು ಗಾಯಾಳು ಜವಾನರನ್ನು ಹೊತ್ತು ತಂದವರಿಗೆ ಗೊತ್ತು. ಯುವಾಲ್ಡಿಯಲ್ಲಿ ಗುರುತು ಹಿಡಿಯಲು ತಂದೆತಾಯಿಗಳಿಂದ ಡಿಎನ್‌ಎ ಮಾದರಿ ತೆಗೆದುಕೊಳ್ಳಬೇಕಾಯಿತು. ಒಬ್ಬ ಹುಡುಗಿಯನ್ನು ಅವಳ ಹಸಿರು ಶೂ ನೋಡಿ ಗುರುತಿಸಿದರು. ಬಲಗಾಲಿನ ಶೂ ತುದಿಯ ಮೇಲೆ ಅವಳೇ ಹೃದಯದ ಚಿತ್ರ ಬರೆದುಕೊಂಡಿದ್ದಳು.

ಇಂಥ ರೈಫಲನ್ನು ನಮಗೆ ಹೇಗೆ ಕೊಡುತ್ತಿದ್ದರು ಎಂಬುದನ್ನು ಹೇಳಬೇಕು, ಏಕೆಂದರೆ ನನ್ನ ಮಾತೆಲ್ಲ ನಿಂತಿರುವುದು ಅದರ ಮೇಲೆ. ನಾವು ಸರಕಾರದ ಸಂಬಳ ತಿಂದು, ತಿಂಗಳುಗಟ್ಟಲೆ ತರಬೇತಿ ಪಡೆದು, ದೇಶಕ್ಕಾಗಿ ಕೋವಿ ಹಿಡಿಯುತ್ತೇವೆಂದು ಪ್ರಮಾಣ ಮಾಡಿದವರು. ಆದರೂ ಲೈನಿನಲ್ಲಿ, ಅಂದರೆ ಬ್ಯಾರಕ್ಕಿನಲ್ಲಿ, ಇದ್ದಾಗ ರೈಫಲ್ ನಮ್ಮ ಮಂಚದ ಪಕ್ಕ ಇರುತ್ತಿರಲಿಲ್ಲ, ಕೋತ್ ಎಂಬ ಶಸ್ತ್ರಾಗಾರದಲ್ಲಿ ಇರುತ್ತಿತ್ತು. ಅದಕ್ಕೆ ಕಬ್ಬಿಣದ ಬಾಗಿಲು, ಬೀಗ, ಹೊರಗೆ ಸಂತ್ರಿ. ತೆಗೆದುಕೊಳ್ಳುವಾಗ ರೈಫಲಿನ ನಂಬರ್ ನೋಡಿ ರಿಜಿಸ್ಟರಿನಲ್ಲಿ ಸಹಿ, ಹಿಂದಿರುಗಿಸುವಾಗ ಮತ್ತೆ ಸಹಿ. ಗುಂಡುಗಳ ಲೆಕ್ಕವೇ ಬೇರೆ, ಅವು ಇರುತ್ತಿದ್ದ ಜಾಗವೂ ಬೇರೆ. ಫೈರಿಂಗ್ ರೇಂಜಿನಲ್ಲಿ ಹಾರಿಸಿ ಮುಗಿದ ಮೇಲೆ ಹುಲ್ಲಿನಲ್ಲಿ ಬಗ್ಗಿ ಖೋಕಾಗಳನ್ನು, ಅಂದರೆ ಹಾರಿದ ಗುಂಡಿನ ಖಾಲಿ ಕವಚಗಳನ್ನು, ಹುಡುಕಿ ಎಣಿಸಿ ಕೊಡಬೇಕಿತ್ತು. ಒಂದು ಕಡಿಮೆ ಬಿದ್ದರೆ ಇಡೀ ಪ್ಲಟೂನ್ ಕತ್ತಲಾದರೂ ಅಲ್ಲೇ. ಆಮೇಲೆ ಒಬ್ಬೊಬ್ಬರೂ ನಿಂತು, ನನ್ನ ಬಳಿ ಗುಂಡಾಗಲಿ ಖೋಕಾ ಆಗಲಿ ಇಲ್ಲ ಎಂದು ಗಟ್ಟಿಯಾಗಿ ಹೇಳಿಯೇ ಲಾರಿ ಹತ್ತಬೇಕು. ಇದನ್ನು ನಾವು ಯಾರೂ ಅವಮಾನವೆಂದು ತಿಳಿದಿರಲಿಲ್ಲ.

ಮನಸ್ಸಿನ ಮಾತೂ ಬರುತ್ತಿತ್ತು. ಮನೆಯಿಂದ ಕೆಟ್ಟ ಕಾಗದ ಬಂದಿದೆ, ರಜೆ ಸಿಕ್ಕಿಲ್ಲ, ಹುಡುಗ ಊಟ ಬಿಟ್ಟಿದ್ದಾನೆ, ಯಾರೊಡನೆಯೂ ಮಾತಿಲ್ಲ ಎಂದು ಜೊತೆಯವರು ಬಂದು ಹೇಳಿದರೆ ಅಂಥವನಿಗೆ ರಾತ್ರಿಯ ಸಂತ್ರಿ ಡ್ಯೂಟಿ ಹಾಕುತ್ತಿರಲಿಲ್ಲ. ಲಂಗರ್‌ಗೆ, ಅಂದರೆ ಸೇನೆಯ ಅಡುಗೆಮನೆಗೆ, ಕಳಿಸುತ್ತಿದ್ದೆವು, ಈರುಳ್ಳಿ ಹೆಚ್ಚಲಿ, ರೊಟ್ಟಿ ಬೇಯಿಸಲಿ, ನಾಲ್ಕು ಜನರ ನಡುವೆ ಇರಲಿ ಎಂದು. ಕೈಗೆ ರೈಫಲ್ ಮಾತ್ರ ಕೊಡುತ್ತಿರಲಿಲ್ಲ. ಮನಸ್ಸು ತಿಳಿಯಾದ ಮೇಲೆ ಮತ್ತೆ ಡ್ಯೂಟಿಗೆ ಬರುತ್ತಿದ್ದ. ಅವನ ಮರ್ಯಾದೆಗೂ ಕುಂದಿಲ್ಲ, ನೌಕರಿಗೂ ಕುಂದಿಲ್ಲ. ಅಮೆರಿಕದಲ್ಲಿ ಇದನ್ನು ರೆಡ್ ಫ್ಲ್ಯಾಗ್ ಕಾನೂನು ಎನ್ನುತ್ತಾರೆ: ಒಬ್ಬನಿಂದ ಅವನಿಗೋ ಇತರರಿಗೋ ಅಪಾಯ ಕಂಡರೆ ಪೊಲೀಸರು, ಕೆಲವು ರಾಜ್ಯಗಳಲ್ಲಿ ಮನೆಯವರೂ, ನ್ಯಾಯಾಧೀಶರ ಮುಂದೆ ಹೋಗಿ ಕೆಲ ಕಾಲ ಅವನ ಕೋವಿಯನ್ನು ತೆಗೆದಿಡಿಸುವುದು. ಅಲ್ಲಿ ಇದಕ್ಕಾಗಿ ದೊಡ್ಡ ಜಗಳವೇ ನಡೆಯುತ್ತಿದೆ. ಟೆಕ್ಸಸ್‌ನಲ್ಲಿ ಇಂಥ ಕಾನೂನಿಲ್ಲ.

ತಪ್ಪು ಮನಸ್ಸಿನದ್ದು ಎಂದ ಓದುಗರು ಇದಕ್ಕೆ ಉತ್ತರ ಹೇಳಲಿ. ಮನಸ್ಸು ಕೆಟ್ಟಿದೆ ಎಂದು ಗೊತ್ತಾದ ಮೇಲೂ ಕೋವಿ ಅವನ ಕೈಯಲ್ಲೇ ಇರಬೇಕೇ? 2023ರ ಮೇ 6ರಂದು ಡಾಲಸ್ ಬಳಿಯ ಆ್ಯಲನ್ ಊರಿನ ಮಾಲ್‌ನಲ್ಲಿ ಎಂಟು ಜನರನ್ನು ಕೊಂದವನನ್ನು 2008ರಲ್ಲಿ ಅಮೆರಿಕದ ಸೇನೆ ಸೇರಿಸಿಕೊಂಡು ಮೂರೇ ತಿಂಗಳಿಗೆ, ತರಬೇತಿಯೂ ಮುಗಿಯುವ ಮೊದಲು, ಮಾನಸಿಕ ಕಾರಣಕ್ಕೆ ಹೊರಗೆ ಕಳಿಸಿತ್ತು. ಸೇನೆ ಬೇಡವೆಂದವನ ಬಳಿ ಆ ದಿನ ಎಂಟು ಕೋವಿಗಳಿದ್ದವು, ಎಲ್ಲವೂ ಕಾನೂನುಬದ್ಧ. ಸತ್ತವರಲ್ಲಿ ಶಾಲೆಗೆ ಹೋಗುವ ಅಕ್ಕತಂಗಿಯರಿದ್ದರು, ಮೂರು ವರ್ಷದ ಮಗುವಿತ್ತು, ತೆಲಂಗಾಣದಿಂದ ಹೋಗಿ ಎಂಜಿನಿಯರ್ ಆಗಿದ್ದ ಹೆಣ್ಣುಮಗಳಿದ್ದಳು. ನಮ್ಮ ಮಗಳು ಅಳಿಯ ಹಬ್ಬಕ್ಕೆ ಬಟ್ಟೆ ಕೊಳ್ಳಲು ಹೋಗುತ್ತಿದ್ದ ಮಾಲ್ ಅದು. ಆ ಸುತ್ತಲಿನ ಊರುಗಳಲ್ಲಿ ಕನ್ನಡದ ಕುಟುಂಬಗಳು ಬಹಳ ಇವೆ. ಅವತ್ತು ಇಲ್ಲಿ ರಾತ್ರಿ, ಫೋನು ಸಿಗುತ್ತಿರಲಿಲ್ಲ. ನನ್ನ ಹೆಂಡತಿ ದೇವರ ದೀಪದ ಮುಂದೆ ಕೂತವಳು ಮಗಳ ದನಿ ಕೇಳುವ ತನಕ ಎದ್ದಿಲ್ಲ.

2021ರ ಏಪ್ರಿಲ್‌ನಲ್ಲಿ ಇಂಡಿಯಾನಾಪೊಲಿಸ್‌ನ ಫೆಡ್‌ಎಕ್ಸ್ ಕೇಂದ್ರದಲ್ಲಿ ಎಂಟು ಜನ ಸತ್ತದ್ದು ನೆನಪಿರಬಹುದು, ಅವರಲ್ಲಿ ನಾಲ್ವರು ಸಿಖ್ಖರು. ಅಲ್ಲಿ ಕೊಲೆಗಾರನ ಹೆತ್ತ ತಾಯಿಯೇ ವರ್ಷದ ಹಿಂದೆ ಪೊಲೀಸರಿಗೆ ಎಚ್ಚರಿಸಿದ್ದಳು. ಪೊಲೀಸರು ಬಂದು ಕೋವಿಯನ್ನೂ ಒಯ್ದಿದ್ದರು. ಆ ರಾಜ್ಯದಲ್ಲಿ ರೆಡ್ ಫ್ಲ್ಯಾಗ್ ಕಾನೂನೂ ಇತ್ತು. ಆದರೆ ವಿಷಯವನ್ನು ನ್ಯಾಯಾಧೀಶರ ಮುಂದೆ ಒಯ್ಯಲಿಲ್ಲ. ಕೆಲವೇ ತಿಂಗಳಲ್ಲಿ ಅವನು ಅಂಗಡಿಗೆ ಹೋಗಿ ಎರಡು ರೈಫಲ್ ಕೊಂಡ. ತಾಯಿ ಮಗನ ವಿರುದ್ಧ ದೂರು ಕೊಡಬೇಕಾದರೆ ಅವಳ ಕರುಳು ಎಷ್ಟು ಹಿಂಡಿರಬೇಕು. ಆ ದೂರನ್ನು ಕಡತದಲ್ಲಿ ಮಲಗಿಸಿದ್ದನ್ನು ನಾನು ಕ್ಷಮಿಸಲಾರೆ.

ಒಳ್ಳೆಯವರ ಕೈಯಲ್ಲಿ ಕೋವಿ ಇದ್ದರೆ ಕೆಟ್ಟವನನ್ನು ತಡೆಯಬಹುದು ಎಂದೂ ಆ ಓದುಗರ ಪತ್ರದಲ್ಲಿತ್ತು. ಆ್ಯಲನ್‌ನಲ್ಲಿ ಬೇರೆ ಕೆಲಸಕ್ಕೆ ಬಂದಿದ್ದ ಒಬ್ಬನೇ ಪೊಲೀಸ್ ಅಧಿಕಾರಿ ಶಬ್ದ ಕೇಳಿದ ಕಡೆಗೆ ಓಡಿ ಕೆಲವೇ ನಿಮಿಷಗಳಲ್ಲಿ ಕೊಲೆಗಾರನನ್ನು ಉರುಳಿಸಿದರು. ಅವರ ಧೈರ್ಯಕ್ಕೆ ಸೆಲ್ಯೂಟ್ ಹೊಡೆಯುತ್ತೇನೆ. ಅಷ್ಟು ಬೇಗ ತಡೆದರೂ ಎಂಟು ಹೆಣ ಬಿದ್ದಿತ್ತು. ಯುವಾಲ್ಡಿಯಲ್ಲಾದರೋ ಬೇರೆ ಬೇರೆ ಇಲಾಖೆಗಳ 376 ಅಧಿಕಾರಿಗಳು ಬಂದು ಸೇರಿದರು. ತರಗತಿಯ ಬಾಗಿಲು ದಾಟಲು 77 ನಿಮಿಷ ಬೇಕಾಯಿತು. ಒಳಗಿನಿಂದ ಮಕ್ಕಳು ಪೊಲೀಸರಿಗೆ ಫೋನು ಮಾಡುತ್ತಿದ್ದರು. ಶಸ್ತ್ರ ಹಿಡಿದ ಇಷ್ಟು ಜನ ಹಜಾರದಲ್ಲಿ ನಿಂತದ್ದೇಕೆ ಎಂದು ಸೈನಿಕನಾಗಿ ನನಗೆ ಸಿಟ್ಟಿದೆ. ಒಂದು ಮಾತ್ರ ನಿಜ, ಒಳಗಿದ್ದವನ ಕೈಯಲ್ಲಿ ಜೋಡುನಳಿಗೆ ಕೋವಿ ಇದ್ದಿದ್ದರೆ ಅವರ ಹೆದರಿಕೆಯ ಲೆಕ್ಕವೇ ಬೇರೆ ಇರುತ್ತಿತ್ತು.

ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನಿಗೆ ಶೂ ಕೊಳ್ಳಲು ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗೆ ಹೋಗಿದ್ದೆವು. ಹಿಂಬದಿಯಲ್ಲಿ ಮೀನು ಹಿಡಿಯುವ ಕೋಲುಗಳ ಪಕ್ಕದಲ್ಲೇ ಕೋವಿಯ ಕೌಂಟರ್. ಗೋಡೆಗೆ ರೈಫಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಕೌಂಟರಿಗೆ ಒರಗಿ ಫಾರಂ ತುಂಬುತ್ತಿದ್ದ. ಅಂಗಡಿಯವನು ಕಂಪ್ಯೂಟರಿನಲ್ಲಿ ಅವನ ಹೆಸರು ಪರಿಶೀಲಿಸುತ್ತಿದ್ದ. ನಾವು ಶೂ ಆರಿಸಿ, ದುಡ್ಡು ಕೊಟ್ಟು ಹೊರಗೆ ಬರುವಷ್ಟರಲ್ಲಿ ಅವನೂ ಉದ್ದನೆಯ ಡಬ್ಬಿಯನ್ನು ಗಾಡಿಯ ಹಿಂದಿನ ಸೀಟಿಗೆ ಹಾಕುತ್ತಿದ್ದ. ಒಳ್ಳೆಯ ಹುಡುಗನೇ ಇರಬೇಕು, ನಮಗಾಗಿ ಬಾಗಿಲು ಹಿಡಿದು ನಿಂತಿದ್ದ. ಆದರೆ ಅವನ ಮನೆಯಲ್ಲಿ ಬೀಗವಿದೆಯೇ, ಮೊನ್ನೆ ಅವನ ಮನಸ್ಸು ಹೇಗಿತ್ತು ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ. ಖಾಸಗಿಯಾಗಿ ಒಬ್ಬನಿಂದ ಇನ್ನೊಬ್ಬ ಕೊಳ್ಳುವುದಾದರೆ ಟೆಕ್ಸಸ್‌ನಲ್ಲಿ ಆ ಕಂಪ್ಯೂಟರ್ ತಪಾಸಣೆಯೂ ಬೇಕಿಲ್ಲ.

ಅಮೆರಿಕದವರೆಲ್ಲ ಕೈಕಟ್ಟಿ ಕೂತಿದ್ದಾರೆ ಎಂದು ಬರೆಯುವುದೂ ಸರಿಯಲ್ಲ. ಯುವಾಲ್ಡಿಯ ನಂತರ ಒಂದೇ ತಿಂಗಳಲ್ಲಿ ಎರಡೂ ಪಕ್ಷದವರು ಸೇರಿ ಕೇಂದ್ರ ಕಾನೂನು ಮಾಡಿದರು, 2022ರ ಜೂನ್ 25ರಂದು ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಅದರಿಂದ 21ಕ್ಕಿಂತ ಚಿಕ್ಕವರು ಕೊಳ್ಳುವಾಗ ಹುಡುಗುತನದ ಅಪರಾಧ, ಮಾನಸಿಕ ಆರೋಗ್ಯದ ದಾಖಲೆಗಳನ್ನೂ ನೋಡಬೇಕು, ಸಂಶಯ ಬಂದರೆ ಹತ್ತು ಕೆಲಸದ ದಿನಗಳವರೆಗೆ ಕಾಯಿಸಬಹುದು. ಸಣ್ಣ ಹೆಜ್ಜೆಯೇ ಆದರೂ ಮೂವತ್ತು ವರ್ಷಗಳಲ್ಲಿ ಅಷ್ಟಾದರೂ ಆದದ್ದು ಅದೇ ಮೊದಲು. ಫ್ಲಾರಿಡಾದಲ್ಲಿ ಇನ್ನೂ ಹೆಚ್ಚು ಆಯಿತು. 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಬದುಕುಳಿದ ವಿದ್ಯಾರ್ಥಿಗಳು ರಾಜಧಾನಿಗೆ ಬಸ್ಸು ಹತ್ತಿದರು. ಮೂರೇ ವಾರಗಳಲ್ಲಿ, ರಿಪಬ್ಲಿಕನ್ನರದೇ ಸರಕಾರ, ರಿಪಬ್ಲಿಕನ್ ಗವರ್ನರ್, ಎಲ್ಲ ಬಗೆಯ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ, ರೆಡ್ ಫ್ಲ್ಯಾಗ್ ಕಾನೂನನ್ನೂ ತಂದರು. ಅಲ್ಲಿನ ನ್ಯಾಯಾಧೀಶರು ಅದನ್ನು ಸಾವಿರಾರು ಸಲ ಬಳಸಿದ್ದಾರೆ. ಫ್ಲಾರಿಡಾದಲ್ಲಿ ಕೋವಿ ಪ್ರೀತಿ ಟೆಕ್ಸಸ್‌ಗಿಂತ ಕಡಿಮೆಯೇನಲ್ಲ.

ಟೆಕ್ಸಸ್‌ನಲ್ಲಿ ಏನಾಯಿತು ನೋಡಿ. ಯುವಾಲ್ಡಿಯ ತಂದೆತಾಯಿಗಳು ವರ್ಷವಿಡೀ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಅಲೆದು ಕೇಳಿದ್ದು ಒಂದೇ, ಇಂಥ ರೈಫಲಿನ ವಯಸ್ಸನ್ನು 21 ಮಾಡಿ ಎಂದು. ಆ್ಯಲನ್ ಕೊಲೆಗಳಾದ ಎರಡೇ ದಿನಕ್ಕೆ, 2023ರ ಮೇ 8ರಂದು, ಶಾಸನಸಭೆಯ ಸಮಿತಿ ಇಬ್ಬರು ರಿಪಬ್ಲಿಕನ್ನರೂ ಸೇರಿ ಆ ಮಸೂದೆಯನ್ನು ಒಪ್ಪಿತು. ತಂದೆತಾಯಿಗಳು ಅಲ್ಲೇ ಅಪ್ಪಿಕೊಂಡು ಅತ್ತರು. ಮರುದಿನ ಗಡುವು ಮುಗಿಯಿತು, ಮಸೂದೆ ಸದನದ ಮುಂದೆ ಚರ್ಚೆಗೇ ಬರಲಿಲ್ಲ.

ಸಂವಿಧಾನದ ಎರಡನೆಯ ತಿದ್ದುಪಡಿ ಅಡ್ಡ ಬರುತ್ತದೆ ಎನ್ನುವವರಿಗೆ: 1791ರ ಆ ತಿದ್ದುಪಡಿ ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ವ್ಯಕ್ತಿಯ ಹಕ್ಕನ್ನು ಕಾಯುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ. ಬರೆದವರು ನ್ಯಾಯಮೂರ್ತಿ ಸ್ಕಲಿಯಾ. ಈ ಹಕ್ಕಿಗೆ ಮಿತಿ ಇಲ್ಲದಿಲ್ಲ ಎಂದು ಅದೇ ತೀರ್ಪಿನಲ್ಲಿ ಅವರೇ ಬರೆದಿದ್ದಾರೆ. ಅದೇ ಕೋರ್ಟಿನ 2022ರ ಇನ್ನೊಂದು ತೀರ್ಪು ಕೋವಿ ನಿಯಂತ್ರಣ ಕಾನೂನುಗಳ ಕೈ ಕಟ್ಟಿತು, ನಿಜ. ಆದರೆ 2024ರಲ್ಲಿ, ಹೆಂಡತಿಯನ್ನೋ ಗೆಳತಿಯನ್ನೋ ಹಿಂಸಿಸಿ ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವನಿಂದ ಕೋವಿ ಕಿತ್ತಿಡಬಹುದು ಎಂದು ಎಂಟು ನ್ಯಾಯಮೂರ್ತಿಗಳು ಒಪ್ಪಿದರು, ಒಬ್ಬರು ಮಾತ್ರ ಬೇರೆ ಹೇಳಿದರು. ದಾರಿ ಪೂರ್ತಿ ಮುಚ್ಚಿಲ್ಲ.

ಪತ್ರಿಕೆಗಳೆಲ್ಲ ಮರೆಯುವ ಇನ್ನೊಂದು ಲೆಕ್ಕವಿದೆ. 2023ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 46,728. ಅವರಲ್ಲಿ 27,300 ಜನ ತಾವೇ ಹಾರಿಸಿಕೊಂಡವರು. ಸಾಮೂಹಿಕ ಹತ್ಯೆಗಳಲ್ಲಿ ಸತ್ತವರು ಈ ಲೆಕ್ಕದಲ್ಲಿ ಬಹಳ ಸಣ್ಣ ಪಾಲು. ರಾತ್ರಿ ಎರಡು ಗಂಟೆಗೆ ಬಾಳು ಸಾಕೆನಿಸಿದವನಿಗೆ ಕೋವಿ ಕೈಗೆ ಸಿಗದಿದ್ದರೆ, ಬೆಳಗಾಗುವಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟಬಹುದು. ಲಂಗರ್‌ಗೆ ಹಾಕಿದ ನಮ್ಮ ಹುಡುಗರಲ್ಲಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವವರು ಇದ್ದಾರೆ.

ಮೊಮ್ಮಗನ ಶಾಲೆಯಲ್ಲಿ ಬಾಗಿಲು ಮುಚ್ಚುವ ಡ್ರಿಲ್ ಮಾಡಿಸುತ್ತಾರೆ. ದೀಪ ಆರಿಸಿ, ಬಾಗಿಲಿನಿಂದ ಕಾಣದ ಮೂಲೆಯಲ್ಲಿ ಎಲ್ಲರೂ ಒತ್ತಿ ಕೂತು ಉಸಿರೆತ್ತದೆ ಇರಬೇಕು. ಅವನು ಅದನ್ನು ನನಗೆ ಊಟದ ಕೋಣೆಯಲ್ಲಿ ಮಾಡಿ ತೋರಿಸಿದ, ಮೇಜಿನ ಹಿಂದೆ ಕೂತು, ಬೆರಳು ತುಟಿಗಿಟ್ಟು. "ಅಜ್ಜ, ಶೂ ಸದ್ದಾಗಬಾರದು" ಎಂದ. ನಾವು ಇದನ್ನು ಕಲಿತದ್ದು ಸೇನೆಗೆ ಹೊಸದಾಗಿ ಸೇರಿದ ರಂಗರೂಟರಾಗಿ, ಹೊಂಚು ಹಾಕುವ ಪಾಠದಲ್ಲಿ. ಆರು ವರ್ಷದ ಮಗು ಕಲಿಯುವ ಪಾಠವಲ್ಲ ಅದು. ಮಗಳು ಅವನನ್ನು ಗೆಳೆಯರ ಮನೆಗೆ ಆಡಲು ಕಳಿಸುವ ಮೊದಲು ಆ ಮನೆಯವರಿಗೆ ಫೋನು ಮಾಡಿ, ನಾಯಿ ಇದೆಯೇ ಎಂದು ಕೇಳಿದ ದನಿಯಲ್ಲೇ, ಕೋವಿ ಇದೆಯೇ, ಬೀಗ ಹಾಕಿದ್ದೀರಾ ಎಂದು ಕೇಳುತ್ತಾಳೆ. ಹೆಚ್ಚಿನವರು ಬೇಸರ ಮಾಡಿಕೊಳ್ಳದೆ ಉತ್ತರಿಸುತ್ತಾರಂತೆ. ಅಲ್ಲಿರುವ ಕನ್ನಡದ ತಾಯಂದಿರು ಸಂಕೋಚಪಡದೆ ಇದನ್ನು ಕೇಳಬೇಕು. ಪೌರತ್ವ ಸಿಕ್ಕಿದವರು ಕನ್ನಡ ಸಂಘದ ಸಭೆಗೆ ಬರುವ ಸ್ಥಳೀಯ ಶಾಸಕರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆಗ ರೈಫಲಿನ ವಯಸ್ಸಿನ ಮಸೂದೆಗೆ ನಿಮ್ಮ ಮತ ಯಾವ ಕಡೆ ಎಂದೂ ಕೇಳಬೇಕು.

ಕೊನೆಯದಾಗಿ ನನ್ನ ಜಿಲ್ಲೆಯವರಿಗೆ. ನಮ್ಮ ವಿನಾಯಿತಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ, ಮುಂದುವರಿಸಬೇಕೇ ಎಂಬ ಪ್ರಶ್ನೆ ಮತ್ತೆ ದೆಹಲಿಯ ಮೇಜಿಗೆ ಬರುತ್ತದೆ. ಕೋವಿಯದ್ದೇನೂ ತಪ್ಪಿಲ್ಲ ಎಂದು ನಾವು ಈಗ ಹೇಳಿಕೊಂಡು ತಿರುಗಿದರೆ ಆ ದಿನ ಯಾರೂ ನಮ್ಮನ್ನು ನಂಬುವುದಿಲ್ಲ. ನಮ್ಮ ಮನೆಯಲ್ಲಿ ಕೋವಿ ಕಬ್ಬಿಣದ ಬೀರುವಿನಲ್ಲಿದೆ, ತೋಟೆಗಳು ಬೇರೆ ಕೋಣೆಯಲ್ಲಿ, ಎರಡರ ಬೀಗದ ಕೈಗಳೂ ಬೇರೆ ಬೇರೆ ಕಡೆ. ಸಂಘಗಳವರು, ಒಕ್ಕಗಳ (ಕೊಡವ ಮನೆತನಗಳ) ಹಿರಿಯರಾದ ಪಟ್ಟೇದಾರರು ಈ ವರ್ಷದ ಕೈಲ್‌ಪೊಳ್ದ್‌ಗೆ ಮೊದಲೇ ಮನೆಮನೆಗೆ ಹೋಗಿ ಇಷ್ಟನ್ನು ನೋಡಿ ಬರೆದಿಟ್ಟುಕೊಳ್ಳಲಿ. ಕುಡಿತಕ್ಕೆ ಬಿದ್ದವನ, ಮನೆಯಲ್ಲಿ ಕೈ ಮಾಡುವವನ, ಮಾತು ಬಿಟ್ಟು ಕೂತವನ ಕೋವಿಯನ್ನು ಒಕ್ಕದ ಹಿರಿಯರೇ ಕೇಳಿ ಪಡೆದು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಲಿ. ನಮ್ಮ ಒಕ್ಕದಲ್ಲಿ ಈ ಕೆಲಸಕ್ಕೆ ನಾನು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸುಬೇದಾರ್,
ವಿರಾಜಪೇಟೆ ತಾಲ್ಲೂಕು, ಕೊಡಗು